ಹವೆ ಕೆರಳಿದ ರಾತ್ರಿ ಬೀದಿಯಲ್ಲಿ ಮಲಗುವವರಿಗೆ ಸೂರು: ತುರ್ತು ತಂಗುದಾಣ ನಡೆಸುವವರಿಗೆ ಸಮಗ್ರ ಮಾರ್ಗದರ್ಶಿ

ಕೊರೆಯುವ ಚಳಿಯಲ್ಲೋ ಬಿಸಿಗಾಳಿಯಲ್ಲೋ ಒಂದು ಹಾಲ್ ತೆರೆದು ಹಾಸಿಗೆ ಹಾಸುವುದು ಅಂಥ ಕಷ್ಟದ ಕೆಲಸವೇನಲ್ಲ. ಹಾಸಿದ ಹಾಸಿಗೆಯಲ್ಲಿ ಅರ್ಧ ಖಾಲಿ ಬಿದ್ದಿರುತ್ತದೆ, ಅತ್ತ ಮುಚ್ಚಿದ ಅಂಗಡಿಗಳ ಜಗಲಿ ಮೇಲೆ ಜನ ಮುದುಡಿಕೊಂಡು ಮಲಗಿರುತ್ತಾರೆ. ಕಷ್ಟ ಇರುವುದು ಅಲ್ಲಿ. ಇಂಥ ತಂಗುದಾಣಗಳು ಸೋಲುವುದು ಬಹುಮಟ್ಟಿಗೆ ಎರಡು ಕಾರಣಕ್ಕೆ: ತೆರೆಯುವ ತೀರ್ಮಾನ ತಡವಾಗುತ್ತದೆ, ಬಾಗಿಲಲ್ಲಿ ನಿಯಮ ಜಾಸ್ತಿಯಾಗುತ್ತದೆ. ಅದಕ್ಕೇ ಇಲ್ಲಿ ಅವೆರಡಕ್ಕೂ ಹೆಚ್ಚು ಜಾಗ ಕೊಟ್ಟಿದ್ದೇನೆ. ಹೊದಿಕೆ ಎಷ್ಟು, ಲೋಟ ಎಷ್ಟು ಎಂಬ ಲೆಕ್ಕ ನೀವೇ ಹಾಕಿಕೊಳ್ಳಬಲ್ಲಿರಿ.

1. ಯಾವಾಗ ತೆರೆಯಬೇಕು: ಗೆರೆಯನ್ನು ಮೊದಲೇ ಎಳೆದಿಡಿ

"ಇವತ್ತು ತೆರೆಯೋಣವೋ ಬೇಡವೋ" ಎಂದು ಸಂಜೆ ಫೋನಿನಲ್ಲಿ ಚರ್ಚೆ ಶುರುವಾದರೆ, ತೀರ್ಮಾನ ಆಗುವಷ್ಟರಲ್ಲಿ ನಡುರಾತ್ರಿಯಾಗಿರುತ್ತದೆ. ಹಂಗಾಮು ಶುರುವಾಗುವ ಒಂದೆರಡು ತಿಂಗಳ ಮೊದಲೇ ಕೂತು ಬರೆದಿಡಿ. ಎಂಥ ಮುನ್ಸೂಚನೆ ಬಂದರೆ ತೆರೆಯುತ್ತೇವೆ? ಅದನ್ನು ದಿನಾ ಯಾರು, ಎಷ್ಟು ಹೊತ್ತಿಗೆ ನೋಡುತ್ತಾರೆ? ಅವರು ಊರಲ್ಲಿಲ್ಲದಿದ್ದರೆ ಯಾರು? ಗೆರೆ ದಾಟಿದ ಮೇಲೆ ಮತ್ತೆ ಯಾರ ಒಪ್ಪಿಗೆಯೂ ಬೇಕಾಗಬಾರದು.

ಬೇರೆ ನಗರಗಳ ಗೆರೆ ಎಲ್ಲಿದೆ ನೋಡಿ. ನ್ಯೂಯಾರ್ಕಿನಲ್ಲಿ ಸಂಜೆ 4ರಿಂದ ಬೆಳಿಗ್ಗೆ 8ರೊಳಗೆ ತಾಪಮಾನ 32 ಫ್ಯಾರನ್‌ಹೀಟ್‌ಗೆ, ಅಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವಂತಿದ್ದರೆ 'ಕೋಡ್ ಬ್ಲೂ' ಜಾರಿಯಾಗುತ್ತದೆ. ಆ ರಾತ್ರಿ ಸೂರು ಕೇಳಿ ಬಂದ ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಲಂಡನ್ನಿನಲ್ಲಿ ನಗರದ ಯಾವುದೇ ಒಂದು ಭಾಗಕ್ಕೆ ರಾತ್ರಿ ಸೊನ್ನೆ ಡಿಗ್ರಿಯ ಮುನ್ಸೂಚನೆ ಬಂದರೆ ಸಾಕು, ಇಡೀ ನಗರದಲ್ಲಿ ತುರ್ತು ವ್ಯವಸ್ಥೆ ಜಾರಿಗೆ ಬರುತ್ತದೆ. ಟೊರೊಂಟೊದಲ್ಲಿ ಹಿಂದೆ ಮೈನಸ್ 15ಕ್ಕೆ ತೆರೆಯುತ್ತಿದ್ದ ಬೆಚ್ಚನೆಯ ಕೇಂದ್ರಗಳು ಈಗ ಮೈನಸ್ 5ಕ್ಕೇ ತೆರೆಯುತ್ತವೆ. ಇಂಗ್ಲೆಂಡಿನ ಹಲವೆಡೆ ಒಂದು ಕಾಲಕ್ಕೆ, ಸತತ ಮೂರು ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುವ ಮುನ್ಸೂಚನೆ ಇದ್ದರಷ್ಟೇ ತೆರೆಯುವ ರೂಢಿಯಿತ್ತು. ಸಾಯಲು ಒಂದೇ ರಾತ್ರಿ ಸಾಕು ಎಂಬುದನ್ನು ಆ ರೂಢಿ ಮರೆತಿತ್ತು.

ಗೆರೆ ಎಳೆಯುವಾಗ ಬರೀ ಥರ್ಮಾಮೀಟರ್ ನೋಡಬೇಡಿ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಮೈಗೆ ಅದು ಮೈನಸ್ 6ರಷ್ಟು ಕೊರೆಯುತ್ತದೆ. ನೆನೆದ ಬಟ್ಟೆಯಂತೂ ಇನ್ನೂ ಅಪಾಯ, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ 8-10 ಡಿಗ್ರಿಯ ಮಳೆಗಾಳಿಯ ರಾತ್ರಿ, 2 ಡಿಗ್ರಿಯ ಒಣ ರಾತ್ರಿಗಿಂತ ಕೆಟ್ಟದ್ದಾಗಬಹುದು. ಬಿಸಿಲಿನ ದಿನಗಳಲ್ಲಿ ಹಗಲಿನ ಗರಿಷ್ಠದ ಜೊತೆಗೆ ರಾತ್ರಿಯ ಕನಿಷ್ಠ ತಾಪಮಾನವನ್ನೂ ತೇವಾಂಶವನ್ನೂ ನೋಡಿ. ರಾತ್ರಿಯೂ ತಣಿಯದಿದ್ದರೆ ಮೈಗೆ ಸುಧಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. 1995ರ ಜುಲೈನಲ್ಲಿ ಶಿಕಾಗೊದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಮಂದಿ ಬಲಿಯಾದರು. ಆ ದಿನಗಳಲ್ಲಿ ಅಲ್ಲಿ ರಾತ್ರಿಯೂ ಸೆಕೆ ಇಳಿದಿರಲಿಲ್ಲ.

ನಿಮ್ಮ ಗೆರೆ ನಿಮ್ಮ ಹವಾಮಾನಕ್ಕೆ ಹೊಂದಬೇಕು. ಚಳಿ ಕಾಣದ ಸೀಮೆಯಲ್ಲಿ 6 ಡಿಗ್ರಿಯೇ ತುರ್ತು ಪರಿಸ್ಥಿತಿ. ಗೊಂದಲವಿದ್ದರೆ ತೆರೆಯಿರಿ. ಸುಮ್ಮನೆ ತೆರೆದ ರಾತ್ರಿಯಿಂದ ಆಗುವ ನಷ್ಟ ಒಂದಷ್ಟು ಜನರ ನಿದ್ದೆ ಮಾತ್ರ.

2. ಜಾಗ ಹುಡುಕುವಾಗ

ಶಾಲೆ, ಸಮುದಾಯ ಭವನ, ಪ್ರಾರ್ಥನಾ ಮಂದಿರ, ಒಳಾಂಗಣ ಕ್ರೀಡಾಂಗಣ ಯಾವುದಾದರೂ ಆದೀತು. ಆದರೆ ಜನ ಮಲಗುವ ಕಡೆಯಿಂದ ನಡೆದು ಬರುವಷ್ಟು ದೂರದಲ್ಲಿರಬೇಕು, ಇಲ್ಲವೇ ನೀವು ವಾಹನ ಇಡಬೇಕು. ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ, ವಿಮೆ, ಅಗ್ನಿಶಾಮಕ ದಳದ ಪರಿಶೀಲನೆ ಇವನ್ನು ಮೊದಲೇ ಮುಗಿಸಿಕೊಳ್ಳಿ. ಪೊಲೀಸ್ ಠಾಣೆಗೂ ಹತ್ತಿರದ ಆಸ್ಪತ್ರೆಗೂ ಮುಂಚೆಯೇ ತಿಳಿಸಿಡಿ.

ಎಷ್ಟು ಜನ ಹಿಡಿಸುತ್ತಾರೆ ಎಂಬುದಕ್ಕೆ ವಿಪತ್ತು ಪರಿಹಾರದಲ್ಲಿ ಬಳಸುವ ಸ್ಫಿಯರ್ ಮಾನದಂಡ ಹಿಡಿಯಬಹುದು. ಅದರ ಪ್ರಕಾರ ತಲೆಗೆ ಕನಿಷ್ಠ 3.5 ಚದರ ಮೀಟರ್ ಜಾಗ, 20 ಜನಕ್ಕೆ ಒಂದು ಶೌಚಾಲಯ. ಅಂದರೆ 15 ಮೀಟರ್ ಉದ್ದ, 10 ಮೀಟರ್ ಅಗಲದ ಹಾಲ್‌ನಲ್ಲಿ 40 ಹಾಸಿಗೆ ಹಾಕಿದರೆ ಸಾಕು. ಆಸೆಬಿದ್ದು 70 ಹಾಕಬೇಡಿ. ಹಾಸಿಗೆಗಳ ನಡುವೆ ಒಂದು ಮೀಟರ್ ಬಿಟ್ಟು, ಒಬ್ಬರ ತಲೆಯಿದ್ದ ಕಡೆ ಪಕ್ಕದವರ ಕಾಲು ಬರುವಂತೆ ಹಾಸಿ. ಕೆಮ್ಮು-ನೆಗಡಿ ಹರಡುವುದು ಕಡಿಮೆಯಾಗುತ್ತದೆ, ಜಗಳವೂ ಕಡಿಮೆಯಾಗುತ್ತದೆ.

ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ, ಒಳಗಿಂದ ಚಿಲಕ, ದಾರಿಯುದ್ದಕ್ಕೂ ದೀಪ. ಪರದೆ ಕಟ್ಟಿ ಬೇರೆ ಮಾಡಿದ್ದೇವೆ ಎಂದರೆ ಸಾಲದು. ಲಿಂಗತ್ವ ಅಲ್ಪಸಂಖ್ಯಾತರು ಎಲ್ಲಿ ಮಲಗಬೇಕೆಂಬುದನ್ನು ಅವರನ್ನೇ ಕೇಳಿ. ಮಕ್ಕಳಿರುವ ಕುಟುಂಬವನ್ನು ಸಾಮೂಹಿಕ ಹಾಲ್‌ನಲ್ಲಿ ಇಡದಿರುವುದು ಒಳ್ಳೆಯದು, ಬೇರೆ ಕಟ್ಟಡದಲ್ಲೊಂದು ಕೋಣೆ ಗೊತ್ತು ಮಾಡಿಡಿ. ಹಿರಿಯರಿಲ್ಲದೆ ಬಂದ ಮಗುವಿನ ವಿಷಯವನ್ನು ಅದೇ ರಾತ್ರಿ ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ ತಿಳಿಸಬೇಕು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಒಳಗೆ ಇದ್ದಿಲ ಒಲೆ, ಅಡುಗೆ ಅನಿಲದ ಸ್ಟೌ, ಜನರೇಟರ್ ಇಡಕೂಡದು. ಇವು ಉಗುಳುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಶುರುವಾದರೆ ಎಲ್ಲರನ್ನೂ ಹೊರಗೆ ಕರೆತನ್ನಿ, ಕಾರಣ ಆಮೇಲೆ ಹುಡುಕಿ. ಹೊಗೆಯ ಅಲಾರಂ, ಮೊನಾಕ್ಸೈಡ್ ಅಲಾರಂ ಎರಡೂ ಇರಲಿ. ಹೊರಹೋಗುವ ಬಾಗಿಲಿಗೆ ಯಾವ ಕಾರಣಕ್ಕೂ ಬೀಗ ಬೀಳಬಾರದು.

3. ಪಾಳಿಯ ಜನ

ರಾತ್ರಿಯಿಡೀ ಕನಿಷ್ಠ ಇಬ್ಬರು ಎಚ್ಚರ ಇರಬೇಕು. ಒಬ್ಬರು ಒಬ್ಬರೇ ಇರುವ ಪಾಳಿ ಬೇಡ. ಸಂಜೆ 7ರಿಂದ 1, 1ರಿಂದ 7 ಎಂದು ಒಡೆದರೆ ಸ್ವಯಂಸೇವಕರು ಎರಡನೇ ವಾರಕ್ಕೂ ಉಳಿಯುತ್ತಾರೆ. ಇಡೀ ರಾತ್ರಿ ಎಂದರೆ ಮೊದಲ ವಾರಕ್ಕೇ ಸುಸ್ತು. ಪಾಳಿ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ಒಟ್ಟಿಗಿದ್ದು ವಹಿ ನೋಡಿ ಮಾತಾಡಿಕೊಳ್ಳಲಿ. ಯಾರಿಗೆ ಜ್ವರ, ಯಾರು ಯಾರೊಂದಿಗೆ ಜಗಳ ಆಡಿದ್ದಾರೆ, ಯಾರು ಔಷಧ ಫ್ರಿಜ್‌ನಲ್ಲಿ ಇಡಲು ಕೊಟ್ಟಿದ್ದಾರೆ.

ಹಿಂದೆ ಬೀದಿಯಲ್ಲಿ ಮಲಗಿದ್ದು ಈಗ ಮನೆ ಕಂಡವರು ಯಾರಾದರೂ ಸಿಕ್ಕರೆ ಅವರನ್ನು ತಂಡಕ್ಕೆ ಸೇರಿಸಿಕೊಳ್ಳಿ, ಕೆಲಸಕ್ಕೆ ತಕ್ಕ ಸಂಬಳವನ್ನೂ ಕೊಡಿ. ಯಾವ ಮಾತಿಗೆ ಯಾರು ಹೆದರುತ್ತಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ತರಬೇತಿ ಪುಸ್ತಕಕ್ಕೆ ಗೊತ್ತಿರುವುದಿಲ್ಲ.

4. ಹುಡುಕಿಕೊಂಡು ಹೋಗಿ

ಪೋಸ್ಟರ್ ಅಂಟಿಸಿ ಕಾಯುತ್ತ ಕೂತರೆ ಬರುವವರು ಹೇಗೂ ಬರಬಲ್ಲವರು. ಕಾಯಿಲೆಯವರು, ಮನಸ್ಸಿನ ಆರೋಗ್ಯ ಕೆಟ್ಟವರು, ಹೆದರಿ ಅಡಗಿ ಮಲಗುವ ಹೆಂಗಸರು ಬರುವುದಿಲ್ಲ. ಕತ್ತಲಾಗುವ ಮುನ್ನ ಒಂದು ಸುತ್ತು, ರಾತ್ರಿ ಹತ್ತರ ಮೇಲೆ ಇನ್ನೊಂದು, ಚಳಿ ಹೆಚ್ಚುವ ನಸುಕಿನ ಮುಂಚೆ ಮತ್ತೊಂದು ಸುತ್ತು ಹೋಗಿ. ಬಸ್ ನಿಲ್ದಾಣ, ಸೇತುವೆ ಕೆಳಗು, ಕಟ್ಟುತ್ತಿರುವ ಕಟ್ಟಡ, ಪಾರ್ಕಿನ ಹಿಂಬದಿ, ಎಟಿಎಂ ಮೆಟ್ಟಿಲು, ನಿಂತ ವಾಹನಗಳ ಒಳಗು, ಎಲ್ಲ ನೋಡಿ. ರಾತ್ರಿ ಕಸ ಗುಡಿಸುವವರಿಗೆ, ಕಾವಲುಗಾರರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನು ಕೇಳಿ.

ಮಲಗಿದವರನ್ನು ಎಬ್ಬಿಸುವ ರೀತಿಯಲ್ಲೇ ಅರ್ಧ ಕೆಲಸ ಗೆದ್ದಂತೆ. ಮುಖಕ್ಕೆ ಟಾರ್ಚ್ ಬಿಡಬೇಡಿ, ನೆಲಕ್ಕೆ ಬಿಡಿ. ಕಾಲಿನಿಂದ ತಟ್ಟುವುದಂತೂ ಬೇಡವೇ ಬೇಡ, ಪೊಲೀಸರೋ ಪುಂಡರೋ ಹಾಗೆ ತಟ್ಟಿ ಎಬ್ಬಿಸಿದ ನೆನಪು ಅವರಿಗಿರುತ್ತದೆ. ಎರಡು ಹೆಜ್ಜೆ ದೂರದಲ್ಲಿ, ಅವರು ಎದ್ದು ಹೋಗುವ ದಾರಿಗೆ ಅಡ್ಡವಾಗದಂತೆ ಕುಕ್ಕರುಗಾಲಲ್ಲಿ ಕೂತು ಮೊದಲು ನಿಮ್ಮ ಹೆಸರು ಹೇಳಿ. ಆಮೇಲೆ ಹೀಗೆ:

"ಇವತ್ತು ರಾತ್ರಿ ಚಳಿ ಜಾಸ್ತಿಯಂತೆ. ಇಲ್ಲೇ ಹತ್ತಿರ ಒಂದು ಬೆಚ್ಚನೆ ಜಾಗ ಮಾಡಿದ್ದೇವೆ. ಬಂದು ಬಿಸಿಯಾಗಿ ಏನಾದರೂ ಕುಡಿಯಿರಿ. ಹಿಡಿಸಿದರೆ ಮಲಗಿ, ಇಲ್ಲದಿದ್ದರೆ ನಾವೇ ವಾಪಸ್ ತಂದು ಬಿಡುತ್ತೇವೆ."

ಕೊನೆಯ ವಾಕ್ಯ ಬಿಡಬೇಡಿ. ಒಳಗೆ ಹೋದರೆ ಹೊರಗೆ ಬರಲು ಬಿಡುವುದಿಲ್ಲ ಎಂಬ ಭಯ ಬಹಳ ಮಂದಿಗಿದೆ, ಅದಕ್ಕೆ ಕಾರಣವೂ ಇದೆ. ಹೇಳಿದಂತೆ ನಡೆದುಕೊಳ್ಳಿ. ಒಬ್ಬರನ್ನು ವಾಪಸ್ ಬಿಟ್ಟ ಸುದ್ದಿ ಮರುದಿನ ಇನ್ನಿಬ್ಬರನ್ನು ಕರೆತರುತ್ತದೆ.

ಬರಲ್ಲ ಎಂದವರನ್ನು ಬಲವಂತ ಮಾಡಬೇಡಿ, ಬಿಟ್ಟೂ ಬರಬೇಡಿ. ಒಣ ಕಾಲುಚೀಲ, ಟೋಪಿ, ಮಲಗುವ ಚೀಲ ಕೊಡಿ. ಮುಖ್ಯವಾಗಿ ಮೈ ಕೆಳಗೆ ಹಾಸಲು ದಪ್ಪ ರಟ್ಟೋ ಫೋಮ್ ಚಾಪೆಯೋ ಕೊಡಿ. ಮೇಲೆ ಮೂರು ಕಂಬಳಿ ಹೊದ್ದರೂ ತಣ್ಣನೆಯ ನೆಲ ಕೆಳಗಿನಿಂದ ಶಾಖ ಹೀರುತ್ತಲೇ ಇರುತ್ತದೆ. ಎರಡು ಗಂಟೆ ಬಿಟ್ಟು ಮತ್ತೆ ಹೋಗಿ ಕೇಳಿ. ಎರಡನೇ ಸಲ ಹೂಂ ಎನ್ನುವವರು ಇರುತ್ತಾರೆ.

ಆದರೆ ಮಾತು ತೊದಲುತ್ತಿದ್ದರೆ, ನಡಿಗೆ ತೂರಾಡುತ್ತಿದ್ದರೆ, ಇರುವ ಜಾಗ ಯಾವುದೆಂದೇ ತಿಳಿಯದಿದ್ದರೆ ಅದು 'ಬರಲ್ಲ' ಎಂಬ ಉತ್ತರವಲ್ಲ. ಕುಡಿದಿದ್ದಾರೆ ಎಂದು ಜನ ದಾಟಿ ಹೋಗುವುದು ಇಂಥವರನ್ನೇ. ತಕ್ಷಣ ಆಂಬುಲೆನ್ಸ್ ಕರೆಯಿರಿ.

5. ಬಾಗಿಲು

ನನ್ನ ಅಭಿಪ್ರಾಯದಲ್ಲಿ ತಂಗುದಾಣದ ಗುಣಮಟ್ಟವನ್ನು ಬಾಗಿಲಲ್ಲಿ ಅಂಟಿಸಿದ ನಿಯಮಗಳ ಉದ್ದದಿಂದಲೇ ಅಳೆಯಬಹುದು. ಗುರುತಿನ ಚೀಟಿ ಕೇಳಬೇಡಿ, ಬೀದಿಯಲ್ಲಿ ಮೊದಲು ಕಳುವಾಗುವುದೇ ಅದು. ಆಧಾರ್, ವಿಳಾಸ, ವಲಸೆಯ ಕಾಗದ ಯಾವುದೂ ಬೇಡ. ಏನೆಂದು ಕರೆಯಬೇಕೋ ಆ ಹೆಸರು ಕೇಳಿ, ಒಳಗೆ ಎಷ್ಟು ಜನ ಇದ್ದಾರೆಂದು ಬೆಂಕಿಯ ಭಯಕ್ಕಾಗಿ ಒಂದು ಪಟ್ಟಿ ಇಡಿ, ಅಷ್ಟೇ. ಆ ಪಟ್ಟಿ ಯಾರ ಕೈಗೂ ಹೋಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ.

ಜನ ಬಾಗಿಲವರೆಗೆ ಬಂದು ತಿರುಗಿ ಹೋಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ನಾಯಿ, ಗಂಟುಮೂಟೆ, ಜೊತೆಗಾರ. ನಾಯಿಯನ್ನು ಬಿಟ್ಟು ಬಾ ಎಂದರೆ ಬರುವುದಿಲ್ಲ. ಒಂದು ಮೂಲೆಯನ್ನು ನಾಯಿ ಇರುವವರಿಗೆಂದೇ ಮಾಡಿ, ಹಗ್ಗ, ನೀರಿನ ಬಟ್ಟಲು, ಹಳೆಯ ಟವಲ್ ಇಡಿ. ಮೂಟೆಗೆ ನಂಬರಿನ ಚೀಟಿ ಕಟ್ಟಿ, ಅದೇ ನಂಬರಿನ ಇನ್ನೊಂದು ಚೀಟಿಯನ್ನು ಅವರ ಕೈಗೆ ಕೊಡಿ, ಕಣ್ಣಿಗೆ ಕಾಣುವ ಜಾಗದಲ್ಲೇ ಮೂಟೆ ಇಡಿ. ಮೂಟೆ ಬಿಚ್ಚಿ ಹುಡುಕಬೇಡಿ. ಚಾಕು-ಗೀಕು ಇದ್ದರೆ ಲಕೋಟೆಯಲ್ಲಿ ಹಾಕಿ ಕೊಡಿ, ಬೆಳಿಗ್ಗೆ ವಾಪಸ್ ಕೊಡುತ್ತೇವೆ ಎಂದರೆ ಬಹುತೇಕರು ಕೊಡುತ್ತಾರೆ. ಜೋಡಿಯಾಗಿ ಬದುಕುವವರನ್ನು ಬಲವಂತವಾಗಿ ಬೇರೆ ಮಾಡಬೇಡಿ. ಆದರೆ ಹೆಂಗಸನ್ನು ಒಂದು ಗಳಿಗೆ ಒಬ್ಬರೇ ಸಿಗುವಂತೆ ಮಾಡಿಕೊಂಡು, ಜೊತೆಗೇ ಇರಬೇಕೆಂಬುದು ಅವರದೇ ಇಷ್ಟವೋ ಎಂದು ಕೇಳಿ.

ಕುಡಿದು ಬಂದವರನ್ನು ಏನು ಮಾಡುವುದು? ಒಳಗೆ ಸೇರಿಸುವುದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಿದ್ದಂತೆ ಅನ್ನಿಸುತ್ತದೆ, ಒಳಗಿನ ಶಾಖ ಮಾತ್ರ ಸೋರಿ ಹೋಗುತ್ತಿರುತ್ತದೆ. ಚಳಿಯಲ್ಲಿ ಎಲ್ಲರಿಗಿಂತ ಮೊದಲು ಸಾಯುವ ಅಪಾಯ ಇರುವುದು ಅವರಿಗೇ. ಒಳಗೆ ಕುಡಿಯುವಂತಿಲ್ಲ ಎಂಬ ನಿಯಮ ಇರಲಿ, ಕುಡಿದು ಬರುವಂತಿಲ್ಲ ಎಂಬುದು ಬೇಡ. ಹೊಡೆದಾಟ, ಬೆದರಿಕೆ, ಲೈಂಗಿಕ ಕಿರುಕುಳ ಇವಕ್ಕೆ ಮಾತ್ರ ಹೊರಗೆ ಕಳಿಸುವ ಶಿಕ್ಷೆ. ಹಾಗೆ ಕಳಿಸಿದವರಿಗೂ ಅದೇ ರಾತ್ರಿ ಬೇರೆ ಕಡೆ ಸೂರು ಗೊತ್ತುಮಾಡದೆ ಕಳಿಸಬಾರದು. ಇದಕ್ಕಾಗಿ ಇನ್ನೊಂದು ತಂಗುದಾಣದೊಂದಿಗೆ ಮೊದಲೇ ಒಪ್ಪಂದ ಮಾಡಿಕೊಂಡಿರಿ.

ರಾತ್ರಿ ಇಷ್ಟು ಗಂಟೆಗೆ ಬಾಗಿಲು ಬಂದ್ ಎಂಬ ನಿಯಮವೂ ಬೇಡ. ಎರಡನೇ ಪಾಳಿ ಕೆಲಸ ಮುಗಿಸಿ ಬಂದು ಬೀದಿಯಲ್ಲಿ ಮಲಗುವವರು ಎಷ್ಟು ಮಂದಿ ಇದ್ದಾರೆಂದು ಮೊದಲ ವಾರದಲ್ಲೇ ನಿಮಗೆ ಗೊತ್ತಾಗುತ್ತದೆ.

6. ಚಳಿಯ ರಾತ್ರಿ ಒಳಗೆ ಏನು ಮಾಡಬೇಕು

ಹಾಲ್ 18 ಡಿಗ್ರಿಗಿಂತ ಕೆಳಗಿಳಿಯದಿರಲಿ, ವಿಶ್ವ ಆರೋಗ್ಯ ಸಂಸ್ಥೆ ಮನೆಗಳಿಗೆ ಹೇಳುವ ಕನಿಷ್ಠ ಅದು. ಬಂದವರ ಒದ್ದೆ ಬಟ್ಟೆ ಮೊದಲು ಬದಲಾಗಬೇಕು, ಬಿಸಿ ಪಾನೀಯ ಆಮೇಲೆ. ಈ ಕ್ರಮ ತಪ್ಪುವುದು ಸಾಮಾನ್ಯ.

ಮೈ ಒಳಗಿನ ತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೊಥರ್ಮಿಯಾ. ಗಡಗಡ ನಡುಗುತ್ತಿದ್ದು, ಸರಿಯಾಗಿ ಮಾತಾಡುತ್ತಿದ್ದರೆ ಒಣ ಬಟ್ಟೆ, ಹೊದಿಕೆ, ಸಿಹಿಯಾದ ಬಿಸಿ ಪಾನೀಯದಿಂದ ಚೇತರಿಸಿಕೊಳ್ಳುತ್ತಾರೆ. ನಡುಕ ನಿಂತಿತೆಂದರೆ ಸುಧಾರಿಸಿತು ಎಂದುಕೊಳ್ಳಬೇಡಿ. ಮೈ ಬೆಚ್ಚಗಾಗದೆ, ಮಂಪರಿನಲ್ಲಿದ್ದು ನಡುಕ ನಿಂತರೆ ತಾಪ 32ರ ಆಸುಪಾಸಿಗೆ ಇಳಿದಿರಬಹುದು. ಆಗ ಆಂಬುಲೆನ್ಸ್ ಕರೆದು, ಅವರನ್ನು ಮಲಗಿಸಿಯೇ ಇಟ್ಟು, ಆದಷ್ಟು ಅಲುಗಾಡಿಸದೆ ಎದೆ-ಹೊಟ್ಟೆ ಭಾಗವನ್ನು ಬೆಚ್ಚಗೆ ಮಾಡಿ. ಒರಟಾಗಿ ಎತ್ತಿ ಹಾಕಿದರೆ ತಣ್ಣಗಾದ ಹೃದಯದ ಲಯ ತಪ್ಪಬಹುದು. ಕೈಕಾಲು ತಿಕ್ಕಬೇಡಿ, ಮಂಪರಿನಲ್ಲಿರುವವರ ಬಾಯಿಗೆ ಏನೂ ಹಾಕಬೇಡಿ. ಕೊರೆಯುವ ಚಳಿಯಲ್ಲಿ ಬಟ್ಟೆ ಕಳಚಿ ಬಿಸಾಡುತ್ತಿರುವವರನ್ನು ಕಂಡರೆ ಅದನ್ನು ಹುಚ್ಚು ಎಂದುಕೊಳ್ಳಬೇಡಿ, ತೀವ್ರ ಹೈಪೊಥರ್ಮಿಯಾದಲ್ಲಿ ಹಾಗಾಗುತ್ತದೆ.

ಇನ್ನು ಪಾದ. ಎಲ್ಲರಿಗೂ ಶೂ ಬಿಚ್ಚಲು ಹೇಳಿ, ಸಂಕೋಚಪಟ್ಟರೆ ಒಂದು ಬೋಗುಣಿ ಬೆಚ್ಚನೆ ನೀರು, ಟವಲ್ ಕೊಟ್ಟು ಪರದೆಯ ಮರೆಗೆ ಕೂರಿಸಿ. ದಿನಗಟ್ಟಲೆ ಒದ್ದೆ ಶೂನಲ್ಲಿದ್ದ ಪಾದ ಬಿಳಿಚಿ, ಸುಕ್ಕುಗಟ್ಟಿ, ಮರಗಟ್ಟಿರುತ್ತದೆ. ಇದು ಟ್ರೆಂಚ್ ಫುಟ್. ಇದಕ್ಕೆ ಹಿಮ ಬೀಳಬೇಕಿಲ್ಲ, 10 ಡಿಗ್ರಿಯ ಮಳೆಯಲ್ಲೂ ಬರುತ್ತದೆ. ತೊಳೆದು, ಬೆರಳ ಸಂದಿ ಒರೆಸಿ ಒಣಗಿಸಿ, ರಾತ್ರಿಯೆಲ್ಲ ಗಾಳಿಯಾಡಲು ಬಿಟ್ಟು, ಬೆಳಿಗ್ಗೆ ವೈದ್ಯರಿಗೆ ತೋರಿಸಿ. ಬೆರಳು ಬಿಳಿ ಅಥವಾ ಬೂದು ಬಣ್ಣಕ್ಕೆ ತಿರುಗಿ ಮೇಣದಂತೆ ಗಟ್ಟಿಯಾಗಿದ್ದರೆ ಹಿಮಕಡಿತ. ತಿಕ್ಕಬೇಡಿ, ಹೀಟರ್ ಮುಂದೆ ಹಿಡಿಯಬೇಡಿ, ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಆಸ್ಪತ್ರೆಗೆ ಕಳಿಸಿ. ತಿಂಗಳ ಕೊನೆಗೆ ಲೆಕ್ಕ ನೋಡಿದರೆ ಕಂಬಳಿಗಿಂತ ಕಾಲುಚೀಲವೇ ಹೆಚ್ಚು ಖರ್ಚಾಗಿರುತ್ತದೆ.

7. ಬಿಸಿಗಾಳಿಯ ದಿನ

ಚಳಿಗೆ ರಾತ್ರಿ ತೆರೆದರೆ ನಡೆಯುತ್ತದೆ, ಬಿಸಿಲಿಗೆ ಹಗಲಲ್ಲೇ ತೆರೆಯಬೇಕು, ರಾತ್ರಿಯೂ ಮುಂದುವರಿಸಬೇಕು. ಹಗಲು 32, ರಾತ್ರಿ 24 ಡಿಗ್ರಿಗಿಂತ ಕೆಳಗೆ ಇಡಲು ನೋಡಿ. ಫ್ಯಾನ್ ಇದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ. 40 ಡಿಗ್ರಿ ದಾಟಿದ ಮೇಲೆ ಫ್ಯಾನ್ ಬಿಸಿಗಾಳಿಯನ್ನೇ ಮೈಮೇಲೆ ದೂಡಿ ಇನ್ನಷ್ಟು ಕಾಯಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿದೆ. ಗಂಟೆಗೊಂದು ಲೋಟದಂತೆ ದಿನಕ್ಕೆ 2-3 ಲೀಟರ್ ನೀರು, ಕೇಳದೆಯೇ ಕೈಗೆ ಕೊಡಿ. ಶೌಚಾಲಯ ಸಿಗದ ಭಯಕ್ಕೆ ನೀರನ್ನೇ ಕುಡಿಯದೆ ಇರುವವರು ಬೀದಿಯಲ್ಲಿ ಬಹಳ ಜನ, ಅದರಲ್ಲೂ ಹೆಂಗಸರು.

ಮನೋರೋಗದ ಕೆಲವು ಔಷಧಗಳು ಬೆವರುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ, ಲಿಥಿಯಂ ತೆಗೆದುಕೊಳ್ಳುವವರಿಗೂ ಬಿಸಿಲು ಹೆಚ್ಚು ಅಪಾಯ. ಔಷಧ ನಿಲ್ಲಿಸಲು ನೀವು ಹೇಳಬಾರದು, ಅವರ ಮೇಲೆ ಕಣ್ಣಿಡಬೇಕು. ಮೈ ಕಾದಿದ್ದು, ಮಾತು ಅಸಂಬದ್ಧವಾದರೆ ಹೀಟ್ ಸ್ಟ್ರೋಕ್ ಎಂದೇ ತಿಳಿಯಿರಿ. ಒಳತಾಪ 40 ಡಿಗ್ರಿ ದಾಟಿರುತ್ತದೆ. ಬೆವರು ಇದ್ದರೂ ಹೀಟ್ ಸ್ಟ್ರೋಕ್ ಆಗಬಹುದು. ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೆ ಕಾಯದೆ ತಣ್ಣೀರು ಸುರಿಯಿರಿ, ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಿ, ಟಬ್ ಇದ್ದರೆ ತಲೆ ಹಿಡಿದುಕೊಂಡು ತಣ್ಣೀರಲ್ಲಿ ಕೂರಿಸಿ. ಇಲ್ಲಿ ತಣಿಸುವುದು ಮೊದಲು, ಸಾಗಿಸುವುದು ನಂತರ.

8. ಬಿರುಮಳೆ, ನೆರೆ

ಸೇತುವೆ ಕೆಳಗೆ, ರಾಜಕಾಲುವೆ ದಂಡೆಯಲ್ಲಿ, ಒಣಗಿದ ಕೊಳವೆಗಳಲ್ಲಿ ಮಲಗುವವರೇ ಮೊದಲು ಕೊಚ್ಚಿಹೋಗುವವರು. ರಭಸದ ನೀರು ಬರೀ 15 ಸೆಂಟಿಮೀಟರ್ ಇದ್ದರೂ ದೊಡ್ಡವರನ್ನು ಕೆಡವಬಲ್ಲದು. ಇಲ್ಲಿ ಮಳೆ ಶುರುವಾದ ಮೇಲೆ ಸುತ್ತು ಹೋಗುವುದು ವ್ಯರ್ಥ, ಮುನ್ಸೂಚನೆ ಬಂದ ಹಗಲಲ್ಲೇ ಹೋಗಿ ಕರೆತನ್ನಿ. ತಗ್ಗಿನಲ್ಲಿರುವ ಹಾಲ್ ಚಳಿಗೆ ಚೆನ್ನಾಗಿದ್ದರೂ ಇದಕ್ಕೆ ಬೇಡ.

9. ದೀಪ ಆರಿಸಿದ ಮೇಲೆ

ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಮೂರ್ಛೆ ಬರಬಹುದು. ಎರಡು-ಮೂರು ದಿನದ ನಂತರ ಭ್ರಮೆ, ನಡುಕ, ಜ್ವರ ಕಾಣಿಸಿಕೊಂಡು ಪ್ರಾಣಕ್ಕೇ ಬರಬಹುದು. ಹಾಗಾಗಿ "ಇಲ್ಲಿದ್ದಷ್ಟು ದಿನ ಬಿಟ್ಟುಬಿಡಿ" ಎಂಬ ಉಪದೇಶ ಅಪಾಯಕಾರಿ. ಕೊನೆಯ ಸಲ ಯಾವಾಗ ಕುಡಿದಿರಿ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಸಹಜವಾಗಿ ಕೇಳಿ, ಹೌದು ಎಂದರೆ ವೈದ್ಯರಿಗೆ ಫೋನ್ ಮಾಡಿ.

ಶೌಚಾಲಯಕ್ಕೆ ಹೋದವರು ಹತ್ತು ನಿಮಿಷವಾದರೂ ಬರದಿದ್ದರೆ ಬಾಗಿಲು ತಟ್ಟಿ, ಉತ್ತರ ಬರದಿದ್ದರೆ ತೆರೆಯಿರಿ. ಹೊರಗಿನಿಂದಲೂ ತೆರೆಯುವಂಥ ಚಿಲಕ ಹಾಕಿಸಿರಿ. ಉಸಿರು ನಿಧಾನ, ತುಟಿ ನೀಲಿ, ಕಣ್ಣಪಾಪೆ ಸೂಜಿಮೊನೆಯಷ್ಟು ಸಣ್ಣ ಇದ್ದರೆ ಹೆರಾಯಿನ್‌ನಂಥ ಓಪಿಯಾಯ್ಡ್ ಮಾದಕವಸ್ತು ಅತಿಯಾಗಿರಬಹುದು. ಅದರ ಪರಿಣಾಮವನ್ನು ತಡೆಯುವ ನಲೊಕ್ಸೋನ್ ಔಷಧ ಸಿಗುವ ಕಡೆಗಳಲ್ಲಿ ಅದನ್ನು ಇಟ್ಟುಕೊಂಡು ಪಾಳಿಯ ಎಲ್ಲರೂ ಬಳಸಲು ಕಲಿತಿರಬೇಕು.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದವರಿಗೆ ಕ್ಷಯ ಪರೀಕ್ಷೆ ಆಗಬೇಕು. ಅವರನ್ನು ಓಡಿಸುವುದಲ್ಲ, ಮಾಸ್ಕ್ ಕೊಟ್ಟು ಕಿಟಕಿ ಇರುವ ಬೇರೆ ಕೋಣೆಯಲ್ಲಿ ಮಲಗಿಸುವುದು. ಹಾಸಿಗೆ ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆದರೆ ಕಜ್ಜಿಯ ಹುಳು, ತಿಗಣೆ ಎರಡೂ ಸಾಯುತ್ತವೆ.

10. ಬೆಳಿಗ್ಗೆ, ಮತ್ತು ಮುಚ್ಚುವ ದಿನ

ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಕಳಿಸುವ ತಂಗುದಾಣ ಜನರನ್ನು ದಿನದ ಅತಿ ತಣ್ಣನೆಯ ಹೊತ್ತಿಗೆ ಬೀದಿಗೆ ಬಿಡುತ್ತದೆ. ಕನಿಷ್ಠ ಒಂಬತ್ತರವರೆಗೆ ಇರಲಿ, ಹಗಲು ಎಲ್ಲಿ ಕೂರಬಹುದೆಂದು ಗ್ರಂಥಾಲಯದಂಥ ಜಾಗಗಳ ಪಟ್ಟಿ ಕೊಡಿ. ಆಗಲಿಲ್ಲವೆಂದರೆ ಹಾಲ್‌ನ ಅರ್ಧವನ್ನಾದರೂ ಹಗಲಿಗೆ ತೆರೆದಿಡಿ.

ಮುಚ್ಚುವ ಗೆರೆ ತೆರೆಯುವ ಗೆರೆಗಿಂತ ಸಡಿಲವಾಗಿರಬೇಕು. ತಾಪಮಾನ ಒಂದು ಡಿಗ್ರಿ ಏರಿತೆಂದು ಬೀಗ ಹಾಕಿ, ಮರುದಿನ ಇಳಿಯಿತೆಂದು ಮತ್ತೆ ತೆರೆದರೆ ಜನ ನಂಬುವುದು ಬಿಡುತ್ತಾರೆ. ಮುನ್ಸೂಚನೆ ಸುಧಾರಿಸಿದ ಮೇಲೂ ಒಂದೆರಡು ರಾತ್ರಿ ತೆರೆದಿಡಿ. ಲಂಡನ್ನಿನಲ್ಲಿ ಇದಕ್ಕೊಂದು ತತ್ವವೇ ಇದೆ: ತುರ್ತು ದಿನಗಳಲ್ಲಿ ಒಳಗೆ ಬಂದವರಿಗೆ ಮುಂದಿನ ದಾರಿಯೊಂದು ಗೊತ್ತಾಗುವವರೆಗೆ, ಹವೆ ಸರಿಹೋಯಿತೆಂಬ ಕಾರಣಕ್ಕೆ ಹೊರಗೆ ಹೋಗಿ ಎನ್ನುವುದಿಲ್ಲ. ವರ್ಷಗಟ್ಟಲೆ ಯಾರ ಮಾತಿಗೂ ಸಿಗದವರು ಈ ನಾಲ್ಕಾರು ರಾತ್ರಿ ನಿಮ್ಮೆದುರಿಗೆ ಕೂತಿರುತ್ತಾರೆ. ಎರಡನೇ ದಿನದಿಂದಲೇ ಒಬ್ಬೊಬ್ಬರ ಜೊತೆ ಕೂತು ಕೇಳಿ: ಕಾಗದಪತ್ರ ಮಾಡಿಸಬೇಕೇ, ಪಿಂಚಣಿ ನಿಂತಿದೆಯೇ, ಆಸ್ಪತ್ರೆಗೆ ಜೊತೆ ಬೇಕೇ, ಮಾತಾಡಲು ಮನಸ್ಸಿರುವ ಮನೆಯವರು ಯಾರಾದರೂ ಇದ್ದಾರೆಯೇ. ಎಲ್ಲವನ್ನೂ ಒಂದೇ ಸಲ ಕೇಳಬೇಡಿ. ಒಂದು ಕೆಲಸವನ್ನಾದರೂ ಮುಚ್ಚುವ ಮುನ್ನ ಮಾಡಿ ಮುಗಿಸಿಕೊಡಿ.

ಬಾಗಿಲು ಹಾಕಿದ ವಾರದೊಳಗೆ ತಂಡ ಮತ್ತೆ ಸೇರಲಿ, ಅಲ್ಲಿ ಮಲಗಿದವರಲ್ಲಿ ಇಬ್ಬರಾದರೂ ಆ ಸಭೆಯಲ್ಲಿರಲಿ. ಯಾವ ರಾತ್ರಿ ತೆರೆಯಬೇಕಿತ್ತು ತೆರೆಯಲಿಲ್ಲ, ಬಾಗಿಲಿಂದ ಯಾರು ಏಕೆ ತಿರುಗಿ ಹೋದರು, ಹುಡುಕುವ ಸುತ್ತಿನಲ್ಲಿ ಯಾವ ಜಾಗ ಬಿಟ್ಟುಹೋಯಿತು ಎಂಬುದನ್ನು ಬರೆದು, ಮುಂದಿನ ಹಂಗಾಮಿನ ಗೆರೆಯನ್ನು ಅದೇ ಸಭೆಯಲ್ಲಿ ತಿದ್ದಿಬಿಡಿ.